ಹಳೆಯ ಮೋಟಾರಿಗೆ ಹಳೆಯ ಮನೆಗಾಡಿ

ಸರ್ಕಾರಿ ನೌಕರಿಯಿಂದ ನಿವೃತ್ತರಾಗಿ ತುಮಕೂರಿನಲ್ಲಿ ನೆಲೆಸಿರುವ ನಮ್ಮ ವಾಚಕ ಮಹನೀಯರೊಬ್ಬರು ನಮಗೊಂದು ಪ್ರಶ್ನೆಯನ್ನು ಕಳುಹಿಸಿದ್ದಾರೆ. ಅವರ ತೀರ್ಥರೂಪರು ೧೯೬೦ರ ದಶಕದಲ್ಲಿ ಕೊಂಡ ಅಂಬಾಸಿಡರ್ ಕಾರು ಇಂದಿಗೂ ಓಡುವ ಸ್ಥಿತಿಯಲ್ಲಿ ಅವರ ಮನೆಯಲ್ಲಿದೆ. ಮಲೆನಾಡಿನ ಕಾಫಿತೋಟವೊಂದರ ಷೆಡ್ಡಿನಲ್ಲಿ ಬಹುಕಾಲ ಬಿದ್ದಿದ್ದ, ಎರಡು ಚಕ್ರದ ಮೇಲೆ ನಿಂತ ಪುಟ್ಟ ಮನೆಗಾಡಿಯೊಂದು ಈಚೆಗೆ ಅವರ ಪಾಲಿಗೆ ಬಂದಿದೆ. ಇಂಗ್ಲಿಷರು ಕಾರವಾನ್ ಎಂದೂ ಅಮೆರಿಕದವರು ಟ್ರಾವೆಲ್ ಟ್ರೈಲರ್ ಎಂದೂ ಕರೆಯುವುದು ಇಂಥದನ್ನೇ. ಕಾರಿನ ಹಿಂದೆ ಅದನ್ನು ಕಟ್ಟಿಕೊಂಡು ಸಂಸಾರಸಮೇತರಾಗಿ ಗುಬ್ಬಿಗೂ ಕುಣಿಗಲಿಗೂ ಅಲ್ಲಿಂದ ಎಡೆಯೂರಿಗೂ ಹೋಗಿಬರಬೇಕೆಂಬುದು ಅವರ ಆಸೆ. ಇದು ಆಗತಕ್ಕ ಕೆಲಸವೇ, ಆಗತಕ್ಕದ್ದಾದರೆ ಕಾಯಿದೆಗೆ ಒಪ್ಪತಕ್ಕದ್ದೇ ಎಂದು ಅವರು ಕೇಳುತ್ತಾರೆ.

ಮೊದಲನೆಯ ಪ್ರಶ್ನೆಗೆ ಆಗತಕ್ಕದ್ದೇ ಎಂಬುದು ನಮ್ಮ ಉತ್ತರ. ಎರಡನೆಯದಕ್ಕೆ ಅರ್ಧ ಹೌದು, ಅರ್ಧ ಅಲ್ಲ ಎಂದು ಹೇಳಬೇಕಾಗಿರುವುದೇ ಈ ಲೇಖನಕ್ಕೆ ಕಾರಣ. ಹೇಮಾವತಿಯ ನೀರು, ರೈತರ ಸಾಲ, ಪಟ್ಟಣದ ಚರಂಡಿ ಇವೆಲ್ಲ ಇರುವಾಗ ಒಬ್ಬರ ವಿಹಾರದ ವಿಚಾರಕ್ಕೆ ಈ ಪುಟದಲ್ಲಿ ಸ್ಥಳವೇಕೆಂದು ಕೆಲವರು ಹುಬ್ಬು ಗಂಟಿಕ್ಕಬಹುದು. ಆದರೆ ಅರ್ಧ ಟನ್ ತೂಕದ ಪೆಟ್ಟಿಗೆಯೊಂದು ಹೆದ್ದಾರಿಯಲ್ಲಿ ಕೊಂಡಿ ಕಳಚಿಕೊಂಡರೆ ಅದಕ್ಕೆ ಬಲಿಯಾಗುವವರು ವಿಹಾರಕ್ಕೆ ಹೊರಟವರಲ್ಲ. ಸೈಕಲ್ಲಿನ ಮೇಲೆ ಶಾಲೆಯಿಂದ ಮರಳುತ್ತಿರುವ ಹುಡುಗನೋ, ರಸ್ತೆಯ ಬದಿಯಲ್ಲಿ ಬುಟ್ಟಿಯಿಟ್ಟು ಕುಳಿತ ಮುದುಕಿಯೋ. ಆದಕಾರಣ ಇದು ಒಬ್ಬರ ಮನೆಯ ವಿಚಾರವೆಂದು ಬಿಡತಕ್ಕದ್ದಲ್ಲ.

ಚಕ್ರದ ಮೇಲೆ ಮನೆ ಕಟ್ಟಿಕೊಂಡು ತಿರುಗುವುದು ಪಾಶ್ಚಾತ್ಯರಿಂದ ಬಂದ ಷೋಕಿಯೆಂದು ಭಾವಿಸುವವರು ತಮ್ಮ ಅಜ್ಜಂದಿರ ಕಾಲವನ್ನು ಸ್ವಲ್ಪ ನೆನೆಯಲಿ. ಶಿವರಾತ್ರಿಯ ಸಮಯದ ಸಿದ್ಧಗಂಗೆಯ ದನಗಳ ಜಾತ್ರೆಗೆ ನಮ್ಮ ಜಿಲ್ಲೆಯ ರೈತರು ಬರುತ್ತಿದ್ದುದು ಹೇಗೆ? ಕಮಾನುಗಾಡಿಯೊಳಗೆ ಹುಲ್ಲು ಹಾಸಿ, ಮೇಲೆ ಜಮಖಾನ ಹರಡಿ, ಹೆಂಗಸರು ಮಕ್ಕಳನ್ನು ಕೂರಿಸಿ, ಅಚ್ಚಿನ ಕೆಳಗೆ ಲಾಟೀನು ತೂಗುಹಾಕಿ, ರಾಗಿಹಿಟ್ಟಿನ ಚೀಲವನ್ನೂ ಅಡಿಗೆಯ ಪಾತ್ರೆಗಳನ್ನೂ ಏರಿಸಿ ಹೊರಡುತ್ತಿದ್ದರು. ಜಾತ್ರೆಯ ಬಯಲಿನಲ್ಲಿ ಎತ್ತು ಬಿಚ್ಚಿ, ಮೂಕಿಗೆ ಊರುಗೋಲು ಕೊಟ್ಟು ನಿಲ್ಲಿಸಿದರೆ ಜಾತ್ರೆ ಮುಗಿಯುವವರೆಗೆ ಅದೇ ಮನೆ, ಅದೇ ಉಗ್ರಾಣ. ಗುಬ್ಬಿಯ ಮಾತಂತೂ ಕೇಳಲೇಬೇಕಾದುದಿಲ್ಲ. ೧೮೮೪ರಲ್ಲಿ ಹುಟ್ಟಿ ಮುಂದೆ ಗುಬ್ಬಿ ವೀರಣ್ಣನವರಿಂದ ಲೋಕಪ್ರಸಿದ್ಧವಾದ ಚನ್ನಬಸವೇಶ್ವರ ನಾಟಕ ಕಂಪನಿಯ ಪಾಲಿಗೆ ಮನೆಯೆಂಬುದು ಮುಂದಿನ ಕ್ಯಾಂಪಿನ ಹೆಸರೇ ಆಗಿದ್ದಿತು. ಪರದೆಗಳು, ಉಡುಪಿನ ಪೆಟ್ಟಿಗೆಗಳು, ವಾದ್ಯಗಳು, ಅಡಿಗೆಯ ಹಂಡೆಗಳು, ನಟನಟಿಯರ ಸಂಸಾರಗಳು ಇವೆಲ್ಲವೂ ಊರಿಂದೂರಿಗೆ ಸಾಗಬೇಕು. ಕುರುಕ್ಷೇತ್ರ ನಾಟಕದಲ್ಲಿ ನಿಜವಾದ ಆನೆ ಕುದುರೆಗಳನ್ನೇ ರಂಗದ ಮೇಲೆ ತಂದ ಮಹಾಶಯರಿಗೆ ಸಾಗಾಣಿಕೆಯ ವಿದ್ಯೆ ನಾಟಕದ ವಿದ್ಯೆಗಿಂತ ಕಡಮೆಯ ಚಿಂತೆಯಾಗಿದ್ದಿರಲಾರದು.

ಕಂಪನಿ ಹುಟ್ಟಿದ ಮರುವರ್ಷ, ಎಂದರೆ ೧೮೮೫ರಲ್ಲಿ, ಗಾರ್ಡನ್ ಸ್ಟೇಬಲ್ಸ್ ಎಂಬ ನೌಕಾಪಡೆಯ ಮಾಜಿ ವೈದ್ಯರು ಇಂಗ್ಲೆಂಡಿನಲ್ಲಿ ವಾಂಡರರ್ ಎಂಬ ಎರಡು ಟನ್ ತೂಕದ ಮನೆಗಾಡಿಯನ್ನು ಕಟ್ಟಿಸಿ, ಅದಕ್ಕೆ ಕುದುರೆಗಳನ್ನು ಹೂಡಿ ಸ್ಕಾಟ್ಲೆಂಡಿನ ಇನ್ವರ್ನೆಸ್ಸಿನವರೆಗೆ ಹೋದರು. ಕೇವಲ ಸಂತೋಷಕ್ಕಾಗಿ ನಿರ್ಮಿತವಾದ ಮೊದಲ ಮನೆಗಾಡಿ ಅದೆಂದು ಅಲ್ಲಿಯವರು ಎಣಿಸುತ್ತಾರೆ. ಮೊದಲ ಮಹಾಯುದ್ಧವು ಮುಗಿದ ಮೇಲೆ, ೧೯೧೯ರಲ್ಲಿ, ಬರ್ಮಿಂಗ್‌ಹ್ಯಾಮಿನ ಎಕ್ಲಿಸ್ ಕಂಪನಿಯವರು ಮೋಟಾರು ಎಳೆಯುವಂಥ ಕಾರವಾನುಗಳನ್ನು ತಯಾರಿಸತೊಡಗಿದರು. ಅಮೆರಿಕದಲ್ಲಿ ವಾಲಿ ಬೈಯಂ ಎಂಬುವರು ೧೯೩೧ರಲ್ಲಿ ಏರ್‌ಸ್ಟ್ರೀಮ್ ಕಂಪನಿಯನ್ನು ಸ್ಥಾಪಿಸಿ, ೧೯೩೬ರಲ್ಲಿ ವಿಮಾನದ ದೇಹದಂತೆ ಅಲ್ಯೂಮಿನಿಯಂ ತಗಡಿನಿಂದ ಹೊಳೆಯುವ ಮನೆಗಾಡಿಯನ್ನು ಹೊರತಂದರು. ಅದೇ ಕಂಪನಿಯ ಗಾಡಿಗಳ ಸಾಲೊಂದು ೧೯೬೩-೬೪ರಲ್ಲಿ ಭೂಪ್ರದಕ್ಷಿಣೆ ಮಾಡುತ್ತಾ ಭಾರತವನ್ನೂ ಹಾದುಹೋಯಿತು. ನಮ್ಮ ದೇಶದಲ್ಲಿ ಈ ಪದ್ಧತಿ ಬೇರೂರಲಿಲ್ಲ. ಈಗ ಇಲ್ಲಿ ಕಾರವಾನ್ ಎಂದು ಬಾಡಿಗೆಗೆ ದೊರೆಯುವುದು ಬಹುಮಟ್ಟಿಗೆ ಮಿನಿಬಸ್ಸಿನ ಮೇಲೆಯೇ ಕಟ್ಟಿದ ಕೋಣೆ. ಕಾರಿನ ಹಿಂದೆ ಎಳೆಯುವ ಮನೆಯಲ್ಲ. ಆದುದರಿಂದಲೇ ಎಳೆಯುವ ವಿದ್ಯೆಯನ್ನು ಹೇಳಿಕೊಡುವ ಡ್ರೈವಿಂಗ್ ಸ್ಕೂಲು ಜಿಲ್ಲೆಯಲ್ಲಿ ಹುಡುಕಿದರೂ ಸಿಕ್ಕಲಾರದು.

ಆದರೆ ಆ ವಿದ್ಯೆಯನ್ನು ಬಲ್ಲವರು ಇಲ್ಲವೆಂದಲ್ಲ. ಹಳ್ಳಿಕಾರ್ ಎತ್ತುಗಳನ್ನು ಹೂಡುವ ಯಾವ ಗಾಡಿಕಾರನನ್ನಾದರೂ ಕೇಳಿರಿ. ಎರಡು ಚಕ್ರದ ಗಾಡಿಗೆ ಭಾರ ಏರಿಸುವಾಗ ಅವನು ಮೊದಲು ನೋಡುವುದು ಮುಂಭಾರವೋ ಹಿಂಭಾರವೋ ಎಂಬುದನ್ನು. ಸರಕೆಲ್ಲ ಅಚ್ಚಿನ ಹಿಂದಕ್ಕೆ ಬಿದ್ದರೆ ಮೂಕಿ ಮೇಲೇಳುತ್ತದೆ, ನೊಗ ಎತ್ತಿನ ಹೆಗಲನ್ನು ಬಿಡುತ್ತದೆ, ಕೊರಳಿಗೆ ಕಟ್ಟಿದ ಹಗ್ಗ ಗಂಟಲನ್ನು ಹಿಂಡುತ್ತದೆ. ಸರಕೆಲ್ಲ ಮುಂದಕ್ಕೆ ಬಂದರೆ ಹೆಗಲು ಹುಣ್ಣಾಗುತ್ತದೆ. ನೊಗವು ಹೆಗಲ ಮೇಲೆ ಹಿತವಾಗಿ ಒತ್ತುವಷ್ಟು ಮಾತ್ರ ಮುಂಭಾರವಿರಬೇಕೆಂಬುದು ಅವನ ತಾತನಿಂದ ಬಂದ ಪಾಠ. ಮೋಟಾರು ಎಳೆಯುವ ಮನೆಗಾಡಿಗೂ ಇದೇ ಪಾಠ, ಒಂದಕ್ಷರವೂ ಬದಲಿಲ್ಲದೆ ಅನ್ವಯಿಸುತ್ತದೆ. ವ್ಯತ್ಯಾಸವಿಷ್ಟೆ: ಎತ್ತು ನರಳಿ ನಿಂತುಬಿಡುತ್ತದೆ, ಕಾರು ನಿಲ್ಲುವುದಿಲ್ಲ. ಹಿಂಭಾರದ ಮನೆಗಾಡಿ ಕಾರಿನ ಹಿಂದಿನ ಚಕ್ರಗಳ ಹಿಡಿತವನ್ನು ಸಡಿಲಿಸಿ, ವೇಗ ಹೆಚ್ಚಿದಂತೆ ಎಡಕ್ಕೂ ಬಲಕ್ಕೂ ತೂಗಾಡತೊಡಗುತ್ತದೆ. ಒಂದು ತೂಗಾಟಕ್ಕಿಂತ ಮುಂದಿನದು ದೊಡ್ಡದು. ಕೊನೆಗೆ ಕಾರನ್ನೂ ತನ್ನೊಡನೆ ತಿರುಗಿಸಿ ಹಳ್ಳಕ್ಕೆ ಎಸೆಯುತ್ತದೆ.

ಇದಕ್ಕೆ ಲೆಕ್ಕವುಂಟು. ತುಂಬಿದ ಮನೆಗಾಡಿಯ ಒಟ್ಟು ತೂಕದಲ್ಲಿ ನೂರಕ್ಕೆ ೫ರಿಂದ ೭ ಪಾಲು ಕೊಂಡಿಯ ಮೇಲೆ ಬೀಳಬೇಕೆಂದು ಬ್ರಿಟನ್ನಿನವರು ಹೇಳುತ್ತಾರೆ. ಅಮೆರಿಕದವರು ೧೦ರಿಂದ ೧೫ ಎನ್ನುತ್ತಾರೆ. ಅವರ ಗಾಡಿಗಳೂ ಭಾರ, ಎಳೆಯುವ ವಾಹನಗಳೂ ಭಾರ. ೫೦೦ ಕಿಲೋ ತೂಗುವ ಮನೆಗಾಡಿಗೆ ಬ್ರಿಟಿಷ್ ಲೆಕ್ಕದಂತೆ ೨೫ರಿಂದ ೩೫ ಕಿಲೋ, ಅಮೆರಿಕದ ಲೆಕ್ಕದಂತೆ ೫೦ ಅಥವಾ ಅದಕ್ಕಿಂತ ಹೆಚ್ಚು. ಹಳೆಯ ಅಂಬಾಸಿಡರಿನ ಮೃದುವಾದ ಹಿಂದಿನ ಪಟ್ಟಿ ಸ್ಪ್ರಿಂಗುಗಳನ್ನು ನೋಡಿದರೆ ೩೫ರಿಂದ ೪೦ ಕಿಲೋಗೆ ನಿಲ್ಲಿಸುವುದು ಕ್ಷೇಮವೆಂದು ನಮಗೆ ತೋರುತ್ತದೆ. ಅದಕ್ಕಿಂತ ಹೆಚ್ಚಿದರೆ ಕಾರಿನ ಬಾಲ ಕುಸಿದು ಮೂಗು ಮೇಲೇಳುತ್ತದೆ, ಸ್ಟೀರಿಂಗು ಹಗುರಾಗುತ್ತದೆ, ರಾತ್ರಿಯಲ್ಲಿ ದೀಪದ ಬೆಳಕು ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ತೂಕ ನೋಡುವುದು ಕಷ್ಟವಲ್ಲ. ತುಮಕೂರಿನ ಮಾರುಕಟ್ಟೆ ಪ್ರಾಂಗಣದ ಸುತ್ತ ವೇಬ್ರಿಡ್ಜುಗಳಿಗೆ ಕೊರತೆಯಿಲ್ಲ. ಕೊಂಡಿಯ ಭಾರಕ್ಕೆ ಆಳಿನ ತೂಕ ನೋಡುವ ಪುಟ್ಟ ಯಂತ್ರವೇ ಸಾಕು. ನೀರಿನ ಡ್ರಮ್ಮು, ಪಾತ್ರೆಗಳು, ಅಕ್ಕಿಯ ಚೀಲ ಇವೆಲ್ಲ ಅಚ್ಚಿನ ಮೇಲೆ ಇಲ್ಲವೇ ಸ್ವಲ್ಪ ಮುಂದೆ, ನೆಲಕ್ಕೆ ಹತ್ತಿರವಾಗಿ ಇರಲಿ. ಹಿಂಬಾಗಿಲ ಬಳಿ ಹಾಸಿಗೆ ದಿಂಬುಗಳ ಹೊರತು ಬೇರೇನೂ ಇಡಬಾರದು.

ಎಷ್ಟು ಭಾರವನ್ನು ಎಳೆಯಬಹುದು? ಮನೆಗಾಡಿಯ ತುಂಬಿದ ತೂಕ ಕಾರಿನ ತೂಕದ ನೂರಕ್ಕೆ ೮೫ ಪಾಲನ್ನು ಮೀರಕೂಡದೆಂಬುದು ಬ್ರಿಟನ್ನಿನಲ್ಲಿ ಹೊಸಬರಿಗೆ ಹೇಳುವ ಸಲಹೆ. ಅದು ಈಗಿನ ಕಾರುಗಳ ಮಾತು. ತನ್ನದೇ ಬ್ರೇಕಿಲ್ಲದ ಟ್ರೈಲರಾದರೆ ಕಾರಿನ ತೂಕದ ಅರ್ಧ, ಅದೂ ೭೫೦ ಕಿಲೋ ಮೀರದಂತೆ, ಎಂಬುದು ಅಲ್ಲಿಯ ಕಾಯಿದೆ. ಅಂಬಾಸಿಡರ್ ಸುಮಾರು ೧,೧೫೦ ಕಿಲೋ ತೂಗುತ್ತದೆ. ಅದರ ೧,೪೮೯ ಸಿ.ಸಿ. ಎಂಜಿನು ಸುಮಾರು ೫೦ ಅಶ್ವಶಕ್ತಿಯದು. ಹಳೆಯ ಮಾದರಿಗಳಲ್ಲಿ ನಾಲ್ಕು ಚಕ್ರಕ್ಕೂ ಡ್ರಮ್ ಬ್ರೇಕು. ಇಂಥ ಕಾರಿಗೆ ಐನೂರು ಕಿಲೋ ಮೇಲುಮಿತಿಯೆಂದು ತಿಳಿಯತಕ್ಕದ್ದು. ಪ್ರೀಮಿಯರ್ ಪದ್ಮಿನಿಯುಳ್ಳವರು ಈ ಹಂಬಲವನ್ನೇ ಬಿಡುವುದು ಮೇಲು: ಕಾರಿನ ತೂಕವೇ ೯೦೦ ಕಿಲೋ, ಬಲ ೪೦ ಅಶ್ವಶಕ್ತಿ. ಹಳೆಯ ವಿಲ್ಲಿಸ್ ಜೀಪಿನ ವಿಚಾರ ಬೇರೆ. ಅದು ಎರಡನೆಯ ಮಹಾಯುದ್ಧದಲ್ಲಿ ಕಾಲು ಟನ್ ಟ್ರೈಲರನ್ನು ಎಳೆಯಲೆಂದೇ ಕೊಂಡಿಯೊಡನೆ ಹುಟ್ಟಿದ್ದು. ಅದಕ್ಕೆ ಬಲವಾದ ಪ್ರತ್ಯೇಕ ಚಾಸಿಯುಂಟು. ಅಂಬಾಸಿಡರಿಗೆ ಅದಿಲ್ಲ. ಉತ್ತರಪಾಡಾದಲ್ಲಿ ೨೦೧೪ರ ವರೆಗೆ ತಯಾರಾದ ಈ ಸ್ವದೇಶಿ ಗಾಡಿಯ ಮೂಲ ಮಾರಿಸ್ ಆಕ್ಸ್‌ಫರ್ಡ್. ಅದರ ದೇಹವೂ ಚೌಕಟ್ಟೂ ಒಂದೇ. ಆದುದರಿಂದ ಕೊಂಡಿಯನ್ನು ಬಂಪರಿಗೆ ಬಿಗಿಯುವುದು ಹುಚ್ಚುತನ. ದೇಹದ ಕೆಳಗಿನ ಉದ್ದ ತೊಲೆಗಳಿಗೆ ಭಾರವನ್ನು ಹಂಚುವಂತೆ ಉಕ್ಕಿನ ಚೌಕಟ್ಟನ್ನು ಮಾಡಿಸಬೇಕು. ಅದಕ್ಕೂ ಮೊದಲು ಆ ತೊಲೆಗಳು ತುಕ್ಕು ತಿಂದಿಲ್ಲವೆಂದು ಸುತ್ತಿಗೆಯಿಂದ ತಟ್ಟಿ ನೋಡಬೇಕು.

ಕೊಂಡಿಯ ವಿಚಾರದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅನೇಕರು ಎಡವುವುದು ಇಲ್ಲಿಯೇ. ಹಳೆಯ ಇಂಗ್ಲಿಷ್ ಮನೆಗಾಡಿಗಳ ಬಟ್ಟಲು ಎರಡು ಅಂಗುಲದ ಗುಂಡಿಗೆ ಮಾಡಿದ್ದು. ಈಗ ಯುರೋಪಿನ ಪದ್ಧತಿಯಂತೆ ಮಾರುವ ಗುಂಡು ೫೦ ಮಿಲಿಮೀಟರಿನದು. ಎರಡಂಗುಲವೆಂದರೆ ೫೦.೮ ಮಿಲಿಮೀಟರು. ಕಣ್ಣಿಗೆ ಕಾಣದ ಈ ಅಂತರ ಸಾಕು, ಸವೆದ ಬಟ್ಟಲು ರಸ್ತೆಯ ಉಬ್ಬೊಂದರ ಮೇಲೆ ಗುಂಡಿನಿಂದ ನೆಗೆದು ಹೊರಬರಲು. ನಮ್ಮ ಊರುಗಳ ರಸ್ತೆಯುಬ್ಬುಗಳ ಸಂಖ್ಯೆಯನ್ನು ಬಲ್ಲವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಗುಂಡು, ಬಟ್ಟಲು ಒಂದೇ ಅಳತೆಯವಾಗಿರಲಿ. ಮೇಲಾಗಿ ಎರಡು ಸರಪಳಿಗಳನ್ನು ಕೊಂಡಿಯ ಕೆಳಗೆ ಒಂದರ ಮೇಲೊಂದು ಅಡ್ಡ ಹಾಯುವಂತೆ ಕಟ್ಟಿದರೆ, ಕಳಚಿದರೂ ಮೂತಿ ನೆಲಕ್ಕೆ ಬೀಳದೆ ಸರಪಳಿಯ ಮೇಲೆ ನಿಲ್ಲುತ್ತದೆ.

ಮನೆಗಾಡಿಗೆ ತನ್ನದೇ ಬ್ರೇಕಿದ್ದರೆ ಅದು ಬಹುಶಃ ತಳ್ಳುಬ್ರೇಕು: ಕಾರು ನಿಧಾನಿಸಿದಾಗ ಹಿಂದಿನ ಗಾಡಿ ಮುಂದಕ್ಕೆ ಒತ್ತಿ, ಆ ಒತ್ತಡವೇ ಸರಳೊಂದನ್ನು ಎಳೆದು ಚಕ್ರದ ಡ್ರಮ್ಮುಗಳನ್ನು ಹಿಡಿಯುತ್ತದೆ. ಜಾಣತನದ ಏರ್ಪಾಡು. ಆದರೆ ಷೆಡ್ಡಿನಲ್ಲಿ ಬಿದ್ದ ಗಾಡಿಯಲ್ಲಿ ಆ ಸರಳು ತುಕ್ಕಿನಿಂದ ಕಚ್ಚಿಕೊಂಡಿರುವುದೇ ಹೆಚ್ಚು. ಹಿಂದಕ್ಕೆ ನಡೆಸುವಾಗಲೂ ಈ ಬ್ರೇಕು ಹಿಡಿದುಕೊಳ್ಳುವುದರಿಂದ ಅದನ್ನು ತಡೆಯುವ ಚಿಲಕ ಹಳೆಯ ಗಾಡಿಗಳಲ್ಲಿರುತ್ತದೆ. ಮತ್ತೆ ಮುಂದೆ ಹೊರಡುವಾಗ ಅದನ್ನು ಬಿಡಿಸಲು ಮರೆತರೆ ಬ್ರೇಕೇ ಇಲ್ಲದಂತಾಗುವುದು. ಟಯರಿನ ಹೂವು ಸವೆದಿಲ್ಲವೆಂದು ಹಿಗ್ಗಬಾರದು. ಓಡದೆ ನಿಂತ ರಬ್ಬರೂ ಸಾಯುತ್ತದೆ. ಟಯರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ; ೨೩೧೮ ಎಂದಿದ್ದರೆ ೨೦೧೮ನೆಯ ಇಸವಿಯ ೨೩ನೆಯ ವಾರದಲ್ಲಿ ತಯಾರಾದುದೆಂದರ್ಥ. ನಾಲ್ಕಂಕಿಯೇ ಇಲ್ಲದಿದ್ದರೆ ಅದು ಹಿಂದಿನ ಶತಮಾನದ್ದು, ತಿಪ್ಪೆಗೆ ಹಾಕತಕ್ಕದ್ದು. ದೀಪದ ತಂತಿಗಳನ್ನು ಜೋಡಿಸುವ ಮೊದಲು ಮಿಸ್ತ್ರಿಗೆ ಒಂದು ಮಾತು ತಿಳಿಸಿರಿ: ಆ ಕಾಲದ ಇಂಗ್ಲಿಷ್ ಕಾರುಗಳಲ್ಲಿ ಅನೇಕವು ಬ್ಯಾಟರಿಯ ಧನಧ್ರುವವನ್ನು ದೇಹಕ್ಕೆ ಕಟ್ಟಿದವು. ಅದನ್ನರಿಯದೆ ಹೊಸ ದೀಪಗಳನ್ನು ಜೋಡಿಸಿದರೆ ಸುಟ್ಟುಹೋಗುವುವು.

ನಡೆಸುವ ಬಗೆಯನ್ನು ಕುರಿತು ಬಹಳ ಹೇಳಬೇಕಾದುದಿಲ್ಲ. ಗಂಟೆಗೆ ಐವತ್ತು ಕಿಲೋಮೀಟರು ಸಾಕು, ತೀರ್ಥಯಾತ್ರೆಗೆ ಅವಸರವೇನು? ತೂಗಾಟ ತೊಡಗಿದರೆ ಬ್ರೇಕನ್ನು ಒತ್ತಕೂಡದು, ಸ್ಟೀರಿಂಗನ್ನು ಅತ್ತಿತ್ತ ತಿರುಗಿಸಿ ಅದರೊಡನೆ ಹೋರಾಡಲೂ ಕೂಡದು. ಆಕ್ಸಿಲರೇಟರಿನಿಂದ ಕಾಲೆತ್ತಿ, ಚಕ್ರವನ್ನು ನೇರವಾಗಿ ಹಿಡಿದು, ತಾನಾಗಿಯೇ ನಿಧಾನವಾಗಗೊಡಬೇಕು. ಬೆಂಗಳೂರು-ಪುಣೆ ಹೆದ್ದಾರಿಯಲ್ಲಿ ಲಾರಿಯೊಂದು ಪಕ್ಕದಲ್ಲಿ ಹಾದಾಗ ಗಾಳಿ ಮೊದಲು ಮನೆಗಾಡಿಯನ್ನು ತಳ್ಳುತ್ತದೆ, ತರುವಾಯ ಸೆಳೆಯುತ್ತದೆ. ಆದಷ್ಟು ಆ ಹೆದ್ದಾರಿಯನ್ನು ಬಿಟ್ಟೇ ಹೋಗಲಿ. ಓಡುವ ಮನೆಗಾಡಿಯೊಳಗೆ ಯಾರನ್ನೂ ಕೂರಿಸಬಾರದು. ಮಕ್ಕಳು ಹಟ ಮಾಡಿದರೂ ಕೂಡದು. ಗ್ಯಾಸಿನ ಸಿಲಿಂಡರು ಮುಚ್ಚಿರಲಿ.

ಇನ್ನು ಕಾಯಿದೆ. ೨೦೨೧ರ ಜುಲೈ ತಿಂಗಳಿನಲ್ಲಿ ಕೇಂದ್ರ ಸರ್ಕಾರವು ಹಳೆಯ ವಾಹನಗಳಿಗೆಂದು ವಿಶೇಷ ನಿಯಮಗಳನ್ನು ಹೊರಡಿಸಿತು. ಮೊದಲ ನೋಂದಣಿಯಿಂದ ೫೦ ವರ್ಷ ಕಳೆದು, ಚಾಸಿ, ದೇಹ, ಎಂಜಿನುಗಳಲ್ಲಿ ದೊಡ್ಡ ಮಾರ್ಪಾಡಿಲ್ಲದೆ ಮೂಲರೂಪದಲ್ಲಿ ಉಳಿದ ವಾಹನಕ್ಕೆ ವಿಂಟೇಜ್ ಎಂಬ ಮನ್ನಣೆ. ಸಂಖ್ಯೆಯ ಫಲಕದಲ್ಲಿ ವಿ.ಎ. ಎಂಬ ಅಕ್ಷರಗಳು, ಶುಲ್ಕ ೨೦,೦೦೦ ರೂಪಾಯಿ, ಹತ್ತು ವರ್ಷದ ತರುವಾಯ ನವೀಕರಣಕ್ಕೆ ೫,೦೦೦. ಮನ್ನಣೆಯನ್ನು ಕೊಟ್ಟ ಕೈಯೇ ರಸ್ತೆಯನ್ನು ಕಿತ್ತುಕೊಂಡಿದೆ. ಹೀಗೆ ನೋಂದಿತವಾದ ವಾಹನವನ್ನು ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ಪೆಟ್ರೋಲು ತುಂಬಿಸುವುದು, ದುರಸ್ತಿ ಇವುಗಳ ಹೊರತು ರಸ್ತೆಯಲ್ಲಿ ಓಡಿಸಕೂಡದು. ಎಡೆಯೂರಿನ ಸಿದ್ಧಲಿಂಗೇಶ್ವರನ ದರ್ಶನ ಈ ಪಟ್ಟಿಯಲ್ಲಿಲ್ಲ!

ಇದಕ್ಕಿಂತ ವಿಚಿತ್ರವಾದುದು ಇನ್ನೊಂದು. ಈ ನಿಯಮಗಳು ದ್ವಿಚಕ್ರ ವಾಹನಗಳನ್ನೂ ಖಾಸಗಿ ಕಾರುಗಳನ್ನೂ ಹೆಸರಿಸಿವೆಯೇ ಹೊರತು ಟ್ರೈಲರನ್ನು ಹೆಸರಿಸಿಲ್ಲ. ೧೯೮೮ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಟ್ರೈಲರೂ ಒಂದು ಮೋಟಾರು ವಾಹನವೇ. ಅದಕ್ಕೆ ಪ್ರತ್ಯೇಕ ನೋಂದಣಿ ಬೇಕು. ಎಳೆಯುವ ಕಾರಿನ ಸಂಖ್ಯೆಯನ್ನೂ ಅದರ ಹಿಂಭಾಗದಲ್ಲಿ ಕಾಣಿಸಬೇಕು. ಖಾಸಗಿ ಬಳಕೆಯ ಟ್ರೈಲರಿಗೆ ಕೇಂದ್ರದ ವರ್ಗೀಕರಣದಲ್ಲಿ ಸ್ಥಾನವಿದೆ. ಆದರೆ ಅರವತ್ತು ವರ್ಷದ ಮನೆಗಾಡಿ ಹಳೆಯದೆಂಬ ಮನ್ನಣೆಗೆ ಮಾತ್ರ ಪಾತ್ರವಲ್ಲ. ಜೋಡಿಯಲ್ಲಿ ಎಳೆಯುವವನಿಗೆ ಶಾಲು ಹೊದಿಸಿ, ಹಿಂದೆ ಬರುವವನನ್ನು ಬಾಗಿಲಲ್ಲೇ ತಡೆದಂತಾಯಿತು. ಕಾಗದಪತ್ರಗಳು ಕಳೆದುಹೋದ ಅನೇಕ ಹಳೆಯ ಟ್ರೈಲರುಗಳು ಗುಜರಿಯವನ ಪಾಲಾಗುವುದು ಈ ಕಾರಣದಿಂದಲೇ ಆದರೆ ಆಶ್ಚರ್ಯವೇನು? ಬ್ರಿಟನ್ನಿನಲ್ಲಿ ೪೦ ವರ್ಷ ದಾಟಿದ, ಬಹಳ ಮಾರ್ಪಾಡಾಗದ ಕಾರುಗಳಿಗೆ ತೆರಿಗೆಯ ವಿನಾಯಿತಿಯನ್ನೂ ಕೊಟ್ಟು, ರಸ್ತೆಯನ್ನೂ ಬಿಟ್ಟಿದ್ದಾರೆ. ಹಳೆಯ ಯಂತ್ರ ಓಡಿದರೆ ಮಾತ್ರ ಅದನ್ನು ಓಡಿಸುವ ವಿದ್ಯೆಯೂ ದುರಸ್ತಿಯ ವಿದ್ಯೆಯೂ ಉಳಿಯುತ್ತವೆ ಎಂಬುದನ್ನು ಅವರು ತಿಳಿದಿದ್ದಾರೆ.

ಕಾರವಾನ್ ಪ್ರವಾಸಕ್ಕೆ ಕೇಂದ್ರದ ಪ್ರವಾಸೋದ್ಯಮ ಮಂತ್ರಾಲಯವು ಹಿಂದೆಯೇ ನೀತಿಯೊಂದನ್ನು ರೂಪಿಸಿದೆ. ಒಂದು ಇಲಾಖೆ ಬಾ ಎಂದು ಕರೆಯುತ್ತಿರುವಾಗ ಇನ್ನೊಂದು ಇಲಾಖೆ ನಿಲ್ಲು ಎನ್ನುವುದು ಯುಕ್ತವಲ್ಲ. ವಿಂಟೇಜ್ ನಿಯಮದಲ್ಲಿ ಟ್ರೈಲರೆಂಬ ಒಂದು ಶಬ್ದವನ್ನು ಸೇರಿಸುವುದು, ಬ್ರೇಕು, ಟಯರು, ಕೊಂಡಿಗಳನ್ನು ಕಟ್ಟುನಿಟ್ಟಾಗಿ ಪರೀಕ್ಷಿಸಿ ವರ್ಷಕ್ಕೆ ಇಷ್ಟು ದಿವಸವೆಂದು ಸ್ವಂತ ಪ್ರವಾಸಕ್ಕೆ ಅನುಮತಿ ಕೊಡುವುದು, ಇವೆರಡರಿಂದ ಬೊಕ್ಕಸಕ್ಕೆ ನಷ್ಟವಿಲ್ಲ, ರಸ್ತೆಗೂ ಅಪಾಯವಿಲ್ಲ. ಈಗ ಪರೀಕ್ಷೆಯೇ ಇಲ್ಲದೆ ಕದ್ದು ಓಡಿಸುವವರಿಂದಲೇ ಅಪಾಯ. ನಮ್ಮ ಜಿಲ್ಲೆಯ ಲೋಕಸಭಾ ಸದಸ್ಯರು ಈ ಮಾತನ್ನು ದೆಹಲಿಯಲ್ಲಿ ಎತ್ತಬಹುದು.

ಅಲ್ಲಿಯವರೆಗೆ ನಮ್ಮ ಮಿತ್ರರು ವಿಂಟೇಜ್ ಮನ್ನಣೆಯ ಆಸೆಗೆ ಬೀಳದೆ, ಕಾರಿನ ಸಾಮಾನ್ಯ ನೋಂದಣಿಯನ್ನೇ ಐದು ವರ್ಷಕ್ಕೊಮ್ಮೆ ನವೀಕರಿಸಿಕೊಂಡು ಬರುವುದು ಒಳ್ಳೆಯದು. ಮನೆಗಾಡಿಯ ನೋಂದಣಿಗೆ ಸಾರಿಗೆ ಕಛೇರಿಯಲ್ಲಿ ಅರ್ಜಿ ಹಾಕಲಿ. ವಿಮಾ ಕಂಪನಿಗೂ ಬರವಣಿಗೆಯಲ್ಲಿ ತಿಳಿಸಲಿ. ಕಾಗದಗಳು ಕೈಗೆ ಬಂದ ಮೇಲೆ ಮೊದಲು ಖಾಲಿ ಮನೆಗಾಡಿಯೊಡನೆ ಗುಬ್ಬಿಗೆ ಹೋಗಿಬರಲಿ. ಇಪ್ಪತ್ತು ಕಿಲೋಮೀಟರಿನ ಹಾದಿ. ನಡುವೆ ಒಮ್ಮೆ ನಿಲ್ಲಿಸಿ ಚಕ್ರದ ಗುಂಬಗಳನ್ನು ಕೈಯಿಂದ ಮುಟ್ಟಿ ನೋಡಲಿ. ಒಂದು ಮಾತ್ರ ಸುಡುತ್ತಿದ್ದರೆ ಅಲ್ಲಿ ಬೇರಿಂಗು ಬಿಗಿಯಾಗಿದೆ, ಇಲ್ಲವೇ ಬ್ರೇಕು ಹಿಡಿದಿದೆ. ಕುಣಿಗಲಿನ ಪ್ರಯಾಣ ಎರಡನೆಯ ಸಲಕ್ಕೆ, ಅರ್ಧ ಭಾರದೊಡನೆ, ಬೆಳಗಿನ ತಂಪಿನಲ್ಲಿ. ಮಧ್ಯಾಹ್ನದ ಬಿಸಿಲಿನಲ್ಲಿ ಭಾರ ಎಳೆಯುವ ಹಳೆಯ ಎಂಜಿನಿನ ನೀರು ಕುದಿಯದೆ ಇರಲಾರದು. ಟಿಪ್ಪುವಿನ ಕಾಲದಿಂದ ಕುದುರೆಗಳಿಗೆ ಹೆಸರಾದ ಆ ಊರಿನ ಕೆರೆಯ ದಂಡೆಯನ್ನು ನೋಡಿಕೊಂಡು, ರೇಡಿಯೇಟರಿಗೆ ನೀರು ತುಂಬಿಕೊಂಡು ಮುಂದೆ ಎಡೆಯೂರಿಗೆ ಹೋಗಬಹುದು. ಮರಳಿ ಬಂದ ಮೇಲೆ ದೇವರಾಯನದುರ್ಗಕ್ಕೂ ಹೋಗೋಣವೆಂದು ಮನೆಯವರು ಕೇಳಿದರೆ, ಮನೆಗಾಡಿಯನ್ನು ಬೆಟ್ಟದ ಬುಡದಲ್ಲಿ ಕಲ್ಲುಗಳನ್ನು ಒತ್ತಿಟ್ಟು ನಿಲ್ಲಿಸಿ, ಕಾರನ್ನು ಮಾತ್ರ ಮೇಲಕ್ಕೆ ಒಯ್ಯಲಿ. ಹತ್ತಿದ ಗೇರಿನಲ್ಲಿಯೇ ಇಳಿಯಲಿ.